ತರಗತಿಯಲ್ಲಿ ಇಲ್ಲದ ಹುಡುಗಿ ಮತ್ತು ಕಾನ್ವೆಂಟಿನ ಸಿಸ್ಟರುಗಳು

ಪ್ರಶ್ನೆ: ನಾನು ಕಾನ್ವೆಂಟ್ ಶಾಲೆಯಲ್ಲಿ ಓದಿದವಳು. ಈಗ ನನ್ನ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಳೆ. ನಮ್ಮ ಕಾಲದಲ್ಲಿ ಸಿಸ್ಟರುಗಳೆಂದರೆ ಪಾಠ, ಪ್ರಾರ್ಥನೆ, ಶಿಸ್ತು ಇಷ್ಟೇ. ಈಗ ಅಲ್ಲಿನ ಸಿಸ್ಟರ್ ಒಬ್ಬರು ಮನೆಗೆಲಸದ ಹೆಂಗಸರ ಸಂಘ ಕಟ್ಟಿದ್ದಾರೆ, ಕೂಲಿಯ ವಿಚಾರಕ್ಕೆ ಅವರನ್ನು ಕರೆದುಕೊಂಡು ಕಾರ್ಮಿಕ ಇಲಾಖೆಗೆ ಹೋಗುತ್ತಾರೆ. ಭಾನುವಾರ ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳಲು ನನ್ನ ಮಗಳನ್ನೂ ಕರೆದಿದ್ದಾರೆ. ಪಾಠ ಹೇಳುವವರಿಗೆ ಈ ಹೋರಾಟವೆಲ್ಲ ಏಕೆ? ಇವರ ಸಂಬಳ ಎಲ್ಲಿಗೆ ಹೋಗುತ್ತದೆ? ಇದೆಲ್ಲ ಮತಾಂತರದ ದಾರಿ ಎಂದು ನಮ್ಮ ಮನೆಯಲ್ಲಿ ಕೆಲವರು ಹೇಳುತ್ತಾರೆ. ಮಗಳನ್ನು ಕಳಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸುತ್ತೇನೆ. ಕಳಿಸಬಹುದು, ಆದರೆ ಕಳಿಸುವ ಮುನ್ನ ತಾಯಿಯಾಗಿ ನೀವು ಕೇಳಿ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ, ಅವನ್ನು ಕೊನೆಗೆ ಹೇಳುತ್ತೇನೆ. ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆಯನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಿರುವ ನನಗೆ, ಪಾಠ ಹೇಳುವ ಸಿಸ್ಟರ್ ಮತ್ತು ಕಾರ್ಮಿಕ ಇಲಾಖೆಯ ಬೆಂಚಿನ ಮೇಲೆ ಕೂರುವ ಸಿಸ್ಟರ್ ಬೇರೆ ಬೇರೆ ಎಂದು ಎಂದೂ ಅನಿಸಿಲ್ಲ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆಯನ್ನು: ಈ ತರಗತಿಯಲ್ಲಿ ಯಾವ ಹುಡುಗಿ ಇಲ್ಲ, ಅವಳು ಏಕೆ ಬಂದಿಲ್ಲ? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಬೆನ್ನುಹತ್ತಿದ ಯಾವ ಶಿಕ್ಷಕಿಯೂ ಶಾಲೆಯ ಕಾಂಪೌಂಡಿನೊಳಗೆ ಉಳಿಯಲಾರಳು.

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಸನ್ಯಾಸ ಸ್ವೀಕರಿಸುವ ಸ್ತ್ರೀಯರಲ್ಲಿ ಎರಡು ಬಗೆಯವರಿದ್ದಾರೆ. ಮಠದ ಗೋಡೆಯೊಳಗೇ ಉಳಿದು, ಪ್ರಾರ್ಥನೆ ಮತ್ತು ಕೈಕೆಲಸದಲ್ಲಿ ಬದುಕು ಸವೆಸುವ ಏಕಾಂತವಾಸಿಗಳು ಒಂದು ಬಗೆ. ಶಾಲೆ, ಆಸ್ಪತ್ರೆ, ಅನಾಥಾಲಯ, ಹಳ್ಳಿ ಎಂದು ಹೊರಗೆ ದುಡಿಯುವವರು ಇನ್ನೊಂದು ಬಗೆ. ನಾವು ಸಿಸ್ಟರ್ ಎಂದು ಕರೆಯುವುದು ಹೆಚ್ಚಾಗಿ ಇವರನ್ನು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಇಬ್ಬರಿಗೂ ಸಮಾನ. ಹುಡುಗಿಯೊಬ್ಬಳು ಕಾನ್ವೆಂಟ್ ಸೇರಿದ ದಿನವೇ ಸಿಸ್ಟರ್ ಆಗುವುದಿಲ್ಲ. ಅಭ್ಯರ್ಥಿಯಾಗಿ ಕೆಲಕಾಲ ಕಳೆದು, ಕನಿಷ್ಠ ಒಂದು ವರ್ಷದ ನವದೀಕ್ಷೆಯನ್ನು ಮುಗಿಸಿ, ಬಳಿಕ ತಾತ್ಕಾಲಿಕ ವ್ರತಗಳನ್ನು ತೊಟ್ಟು, ಹಲವು ವರ್ಷ ಕಳೆದ ಮೇಲಷ್ಟೇ ಜೀವನಪರ್ಯಂತದ ವ್ರತ ಸ್ವೀಕರಿಸುತ್ತಾಳೆ. ನಡುವೆ ಯಾವ ಹಂತದಲ್ಲಾದರೂ ಮನೆಗೆ ಮರಳುವ ದಾರಿ ತೆರೆದಿರುತ್ತದೆ, ಮರಳಿದವರೂ ಬಹಳ ಮಂದಿ ಇದ್ದಾರೆ.

ಈ ಎರಡು ಬಗೆಗಳೂ ಒಂದೇ ವರ್ಷ ಮಂಗಳೂರಿಗೆ ಬಂದವು ಎಂಬುದು ನನಗೆ ಇಂದಿಗೂ ಕುತೂಹಲದ ಸಂಗತಿ. 1870ರಲ್ಲಿ, ಮಂಗಳೂರಿನ ಬಿಷಪರಾಗಿದ್ದ ಕಾರ್ಮೆಲ್ ಎಂಬ ಸನ್ಯಾಸಿ ಪಂಥದ ಫ್ರೆಂಚ್ ಗುರು ಮರಿ ಎಫ್ರೆಮ್ ಅವರ ಕರೆಯ ಮೇರೆಗೆ, ಫ್ರಾನ್ಸಿನಿಂದ ಏಕಾಂತವಾಸಿ ಕಾರ್ಮೆಲ್ ಸಿಸ್ಟರುಗಳೂ ಶಾಲೆ ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳೂ ಹಡಗು ಹತ್ತಿದರು. ಮೊದಲ ಗುಂಪಿನಲ್ಲಿದ್ದ ಪ್ಯಾಲೆಸ್ಟೈನಿನ ಬಡ ಹುಡುಗಿ ಮರಿಯಂ ಬವಾರ್ಡಿ ಮಂಗಳೂರಿನಲ್ಲಿ ಎರಡು ವರ್ಷವಿದ್ದು ಹಿಂತಿರುಗಿದಳು; 2015ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಎರಡನೆಯ ಗುಂಪಿನ ಮೂವರು ಅದೇ ವರ್ಷದ ನವೆಂಬರಿನಲ್ಲಿ ಬಂದಿಳಿದು ಸಂತ ಆ್ಯನ್ಸ್ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ಪಾಠ ಹೇಳಲು ತೊಡಗಿದರು.

ಅವರ ಸಭೆಯನ್ನು, ಅಂದರೆ ಒಂದೇ ನಿಯಮದಡಿ ಬಾಳುವ ಸನ್ಯಾಸಿನಿಯರ ಸಂಘವನ್ನು, ಕಟ್ಟಿದ ಮದರ್ ವೆರೊನಿಕಾ ಅವರ ಕತೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಸೋಫಿ ಲೀವ್ಸ್ ಎಂಬುದು ಅವರ ಮೊದಲ ಹೆಸರು. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿ, 1850ರಲ್ಲಿ ಕ್ಯಾಥೊಲಿಕ್ ಆಗಿ, ಸನ್ಯಾಸಿನಿಯಾಗಿ 1860ರ ದಶಕದ ಆರಂಭದಲ್ಲಿ ಕಲ್ಲಿಕೋಟೆಯ ಶಾಲೆಯೊಂದರಲ್ಲಿ ದುಡಿದವರು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೇ ಇಲ್ಲವೆಂಬುದನ್ನು ಕಣ್ಣಾರೆ ಕಂಡು ಹೋದ ಅವರು, ಪ್ರಾರ್ಥನೆಯ ಏಕಾಂತವನ್ನೂ ಶಾಲೆಯ ದುಡಿಮೆಯನ್ನೂ ಬೆಸೆಯುವ ಸಭೆಯೊಂದನ್ನು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಕಟ್ಟಿದರು. ಮಂಗಳೂರಿಗೆ ಹೊರಟ ಮೂವರಿಗೆ ತರಬೇತಿ ಕೊಟ್ಟವರು ಅವರೇ. ಆದರೆ ಬಯೋನಿನ ಆ ಮನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮದರ್ ವೆರೊನಿಕಾ ಪೋ ನಗರದ ಏಕಾಂತವಾಸಿ ಮಠಕ್ಕೆ ಮರಳಿ, 1906ರಲ್ಲಿ ಅಲ್ಲಿಯೇ ತೀರಿಕೊಂಡರು. ತಾನು ಕಟ್ಟಿದ ಸಭೆಯಲ್ಲಿ ತಾನೇ ಬಾಳಲು ಆಗದ ಹೆಣ್ಣೊಬ್ಬಳ ಹಂಬಲದಿಂದ ಮಂಗಳೂರಿನ ಎಷ್ಟೋ ಮನೆಗಳ ಅಜ್ಜಿಯರು ಓದು ಕಲಿತರು. ಅದೇ ಸಭೆ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆಯಿತು. ಮದರಾಸು ಪ್ರಾಂತ್ಯದ ಈ ಮೂಲೆಯ ಹುಡುಗಿ ಊರು ಬಿಡದೆ ಕಾಲೇಜು ಮೆಟ್ಟಿಲು ಹತ್ತುವಂತಾದದ್ದು ಆಗ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಕೂಡ ಇವರದೇ. ಅದು ಬೆಂಗಳೂರಿಗೆ ಬಂದದ್ದು 1948ರಲ್ಲಿ.

ಆದರೂ ತರಗತಿಯಲ್ಲಿ ಇಲ್ಲದ ಹುಡುಗಿಯರು ಇದ್ದೇ ಇದ್ದರು. ಪೇಟೆಯ ಶಾಲೆಗಳು ತುಂಬುತ್ತಿದ್ದಾಗ ಹಳ್ಳಿಯ ಗೇಣಿ ಒಕ್ಕಲಿನ ಮನೆಯ ಹುಡುಗಿ ತಮ್ಮನನ್ನು ಎತ್ತಿಕೊಂಡು ಗದ್ದೆಯ ಬದುವಿನಲ್ಲಿ ನಿಂತಿದ್ದಳು. ಆ ಕೊರತೆಯನ್ನು ಕಂಡವರು ಬೆಂದೂರಿನ ಚರ್ಚಿನ ಧರ್ಮಗುರು ರೇಮಂಡ್ ಮಸ್ಕರೇನ್ಹಸ್. 1921ರ ಜುಲೈ 16ರಂದು, ಪಾಠ ಹೇಳುತ್ತಿದ್ದ ನಾಲ್ವರು ಸ್ಥಳೀಯ ತರುಣಿಯರನ್ನು ಸೇರಿಸಿಕೊಂಡು ಅವರು ಬೆಥನಿ ಸಿಸ್ಟರುಗಳ ಸಭೆಯನ್ನು ಆರಂಭಿಸಿದರು. ವಿದೇಶದಿಂದ ಬಂದ ಮದರುಗಳಿಗೆ ಇಲ್ಲಿನ ಭಾಷೆ ಕಲಿಯುವುದಕ್ಕೇ ವರ್ಷಗಳು ಬೇಕಿದ್ದವು. ಈ ತರುಣಿಯರಿಗೆ ಅದು ತಾಯಿ ಹಾಲಿನೊಂದಿಗೆ ಬಂದಿತ್ತು. ಕನ್ನಡ ಮಾಧ್ಯಮದ ಹಳ್ಳಿ ಶಾಲೆಗಳಿಗೆ ಅವರು ಹೋಗಿ ನೆಲೆಸಿದ್ದು ದೊಡ್ಡ ಹೆಜ್ಜೆ. ಕಾನ್ವೆಂಟ್ ಎಂದೊಡನೆ ನಮಗೆ ಇಂಗ್ಲಿಷ್ ಮಾಧ್ಯಮ, ಬೂಟು, ಟೈ ನೆನಪಾಗುತ್ತವೆ. ಹಂಚಿನ ಮಾಡಿನ ಕೆಳಗೆ ಕನ್ನಡದಲ್ಲಿ ಮಗ್ಗಿ ಹೇಳಿಸಿದ ಸಿಸ್ಟರುಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ಅದು ಅನ್ಯಾಯ.

ಶಾಲೆಯಿಂದ ಸಂಘಟನೆಯ ಕಡೆಗೆ ಬಲವಾದ ತಿರುವು ಬಂದದ್ದು 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಪ್ರತಿಯೊಂದು ಸನ್ಯಾಸಿ ಸಭೆಯೂ ತನ್ನ ಮೂಲ ಉದ್ದೇಶಕ್ಕೆ ಮರಳಿ, ಇಂದಿನ ಕಾಲ ಏನನ್ನು ಕೇಳುತ್ತಿದೆ ಎಂದು ಪರಿಶೀಲಿಸಬೇಕೆಂದು ಆ ಮಹಾಸಭೆ ಹೇಳಿತು. 1971ರಲ್ಲಿ ಸೇರಿದ ಬಿಷಪರ ಸಭೆ ಇನ್ನೂ ಮುಂದೆ ಹೋಗಿ, ನ್ಯಾಯಕ್ಕಾಗಿ ದುಡಿಯುವುದು ಸುವಾರ್ತೆಯನ್ನು, ಅಂದರೆ ಯೇಸುವಿನ ಸಂದೇಶವನ್ನು, ಸಾರುವ ಕೆಲಸದ ಅವಿಭಾಜ್ಯ ಅಂಗವೆಂದು ಸಾರಿತು. ಇದನ್ನು ಅಕ್ಷರಶಃ ತೆಗೆದುಕೊಂಡವರಲ್ಲಿ ಸಿಸ್ಟರುಗಳೇ ಮುಂದಿದ್ದರು ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಮಂದಿ ದೊಡ್ಡ ಕಾನ್ವೆಂಟುಗಳನ್ನು ಬಿಟ್ಟು ಎರಡು ಮೂರು ಜನರ ಸಣ್ಣ ತಂಡಗಳಾಗಿ ಕೊಳೆಗೇರಿ, ಹಾಡಿ, ಹಟ್ಟಿಗಳ ಪಕ್ಕದಲ್ಲಿ ಬಾಡಿಗೆ ಮನೆ ಹಿಡಿದರು. ನಿಲುವಂಗಿಯ ಜಾಗದಲ್ಲಿ ಸಾದಾ ಸೀರೆ ಬಂತು.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಬಿಹಾರದ ಸಿಸ್ಟರ್ ಸುಧಾ ವರ್ಗೀಸ್ ಅವರ ಬದುಕನ್ನು ನೋಡಿ. ಕೇರಳದ ಕೊಟ್ಟಾಯಂ ಕಡೆಯ ಹುಡುಗಿ 1960ರ ದಶಕದಲ್ಲಿ ಬಿಹಾರಕ್ಕೆ ಹೋಗಿ ನೋತ್ರ ದಾಮ್ ಸಭೆ ಸೇರಿ ಶಿಕ್ಷಕಿಯಾದರು. ಅಲ್ಲಿ ಅವರು ಕಂಡದ್ದು ಮುಸಹರ ಎಂಬ ಸಮುದಾಯವನ್ನು. ಇಲಿ ಹಿಡಿದು ತಿನ್ನುವವರೆಂದು ಹೆಸರಿನಲ್ಲೇ ಹೀಯಾಳಿಸಲ್ಪಟ್ಟ, ದಲಿತರೊಳಗೂ ಕೆಳಗಿಡಲ್ಪಟ್ಟ, ಅಕ್ಷರ ತೀರಾ ಅಪರೂಪವಾಗಿದ್ದ ಜನ. 1980ರ ದಶಕದಲ್ಲಿ ಸಿಸ್ಟರ್ ಸುಧಾ ತಮ್ಮ ಕಾನ್ವೆಂಟನ್ನು ಬಿಟ್ಟು ದಾನಾಪುರದ ಹತ್ತಿರದ ಮುಸಹರ ಕೇರಿಯಲ್ಲಿ ಅವರಂತೆಯೇ ವಾಸಿಸತೊಡಗಿದರು. ಕೇರಿಯಿಂದ ಕೇರಿಗೆ ಸೈಕಲ್ ತುಳಿಯುತ್ತಿದ್ದ ಅವರನ್ನು ಜನ ಸೈಕಲ್ ದೀದಿ ಎಂದು ಕರೆದರು. ಅವರು ಮೊದಲು ಆರಂಭಿಸಿದ್ದು ಹುಡುಗಿಯರ ಓದನ್ನೇ. ಆದರೆ ಹುಡುಗಿ ಪಾಠಕ್ಕೆ ಏಕೆ ಬರಲಿಲ್ಲವೆಂದು ಕೇಳುತ್ತ ಹೋದಂತೆ ಬಾಲ್ಯವಿವಾಹ, ಸಾರಾಯಿ, ಜಮೀನುದಾರರ ದೌರ್ಜನ್ಯ, ದೂರು ಕೊಟ್ಟರೆ ದಾಖಲಿಸಿಕೊಳ್ಳದ ಠಾಣೆ ಒಂದೊಂದಾಗಿ ಎದುರಾದವು. ಆಗ ಅವರು ಕಾನೂನು ಪದವಿ ಪಡೆದು, ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಪರವಾಗಿ ನಿಂತರು. 1987ರಲ್ಲಿ ಕಟ್ಟಿದ ನಾರಿ ಗುಂಜನ್ ಸಂಸ್ಥೆಯ ಮೂಲಕ ಪ್ರೇರಣಾ ಎಂಬ ವಸತಿ ಶಾಲೆಯನ್ನು ಅವರು ತೆರೆದಾಗ ಸಿಕ್ಕ ಕಟ್ಟಡದಲ್ಲಿ ಅರ್ಧ ಭಾಗ ಸಾರ್ವಜನಿಕ ಶೌಚಾಲಯ, ಇನ್ನರ್ಧ ಎಮ್ಮೆ ಕೊಟ್ಟಿಗೆಯಾಗಿತ್ತು. ಅಲ್ಲಿ ಹುಡುಗಿಯರಿಗೆ ಗಣಿತದ ಜೊತೆಗೆ ಕರಾಟೆಯನ್ನೂ ಕಲಿಸಿದರು. 2006ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಿಸ್ಟರ್ ಒಬ್ಬರು ವಕೀಲರೇಕೆ ಆದರು ಎಂದು ಕೇಳಿದರೆ ಉತ್ತರ ಇಷ್ಟೇ: ಆ ಹುಡುಗಿಯನ್ನು ತರಗತಿಗೆ ತರಲು ಬೇರೆ ದಾರಿ ಇರಲಿಲ್ಲ.

ಈ ದಾರಿಯಲ್ಲಿ ಪ್ರಾಣ ತೆತ್ತವರೂ ಇದ್ದಾರೆ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ ಸಿಸ್ಟರ್ ರಾಣಿ ಮರಿಯಾ ಆದಿವಾಸಿ ಹೆಂಗಸರಿಗೆ ಓದು ಬರಹ ಕಲಿಸುತ್ತ, ಉಳಿತಾಯದ ಗುಂಪುಗಳನ್ನು ಕಟ್ಟಿದರು. ಗುಂಪಿನ ಪೆಟ್ಟಿಗೆಯಲ್ಲಿ ಹಣ ಸೇರಿದಂತೆ ಲೇವಾದೇವಿಗಾರನ ಬಾಗಿಲಿಗೆ ಹೋಗುವವರು ಕಡಿಮೆಯಾದರು. ಅದನ್ನು ಸಹಿಸದವರ ಪ್ರಚೋದನೆಯಿಂದ 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದ ಅವರನ್ನು ಇತರ ಪ್ರಯಾಣಿಕರ ಕಣ್ಣೆದುರಿಗೇ ಇರಿದು ಕೊಲ್ಲಲಾಯಿತು. ಆಗ ಅವರಿಗೆ 41 ವರ್ಷ. ಮುಂದೆ ಅವರ ಸ್ವಂತ ತಂಗಿ, ಆಕೆಯೂ ಸಿಸ್ಟರ್, ಜೈಲಿಗೆ ಹೋಗಿ ಇರಿದವನ ಕೈಗೆ ರಾಖಿ ಕಟ್ಟಿದರು. ಆ ಮನುಷ್ಯ ಬಿಡುಗಡೆಯಾದ ಮೇಲೆ ಕೇರಳಕ್ಕೆ ಹೋಗಿ ಅವರ ತಾಯಿಯ ಮುಂದೆ ನಿಂತು ಕ್ಷಮೆ ಕೇಳಿದ. ಅಂಥ ಮನೆಯ ಅಂಗಳದಲ್ಲಿ ಏನು ಮಾತು ನಡೆದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಿಮ್ಮ ಊರಿನ ಸಿಸ್ಟರ್ ಮಾಡುತ್ತಿರುವ ಕೆಲಸಕ್ಕೂ ಇಂಥದೇ ಹಿನ್ನೆಲೆಯಿದೆ. 1963ರಲ್ಲಿ ಬೆಲ್ಜಿಯಮಿನಿಂದ ಭಾರತಕ್ಕೆ ಬಂದ ಸಿಸ್ಟರ್ ಜೀನ್ ಡಿವೋಸ್, ಮನೆಗೆಲಸದ ಹುಡುಗಿಯರ ಪಾಡನ್ನು ಕಂಡು 1980ರ ದಶಕದಲ್ಲಿ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯನ್ನು ಆರಂಭಿಸಿದರು. ಶಾಲೆಯಲ್ಲಿರಬೇಕಾದ ವಯಸ್ಸಿನ ಹುಡುಗಿ ಬೇರೆಯವರ ಮನೆಯ ಪಾತ್ರೆ ತಿಕ್ಕುತ್ತಿದ್ದರೆ, ಅವಳ ತಾಯಿಗೆ ನ್ಯಾಯವಾದ ಕೂಲಿ ಸಿಗದೆ ಅವಳ ಓದು ಸಾಧ್ಯವಿಲ್ಲ ಎಂಬುದು ಅಲ್ಲಿಯ ಲೆಕ್ಕ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ; ಅದು 2004ರಲ್ಲಿ. ಹಲವು ಸಂಘಟನೆಗಳ ಒತ್ತಾಯದ ಫಲ ಅದು, ಸಿಸ್ಟರುಗಳದ್ದು ಅದರಲ್ಲಿ ಒಂದು ದನಿ ಮಾತ್ರ. ಆದೇಶ ಹೊರಟಿತೆಂದ ಮಾತ್ರಕ್ಕೆ ಕೂಲಿ ಕೈಗೆ ಬರುವುದಿಲ್ಲ. ಯಾರೋ ಒಬ್ಬರು ಆದೇಶದ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರಬೇಕಾಗುತ್ತದೆ.

ಇನ್ನು ಸಂಬಳದ ಪ್ರಶ್ನೆ. ಅನುದಾನಿತ ಶಾಲೆಯ ಸಿಸ್ಟರಿಗೆ ಇತರ ಶಿಕ್ಷಕರಂತೆಯೇ ಸರ್ಕಾರದ ವೇತನ ಬರುತ್ತದೆ. ಬಡತನದ ವ್ರತದ ಪ್ರಕಾರ ಆ ಹಣ ಅವರದಲ್ಲ, ಸಭೆಯದು. ಅದರಿಂದಲೇ ಕಾನ್ವೆಂಟಿನ ಊಟ, ವಯಸ್ಸಾದ ಸಿಸ್ಟರುಗಳ ಔಷಧ, ಸಂಬಳವಿಲ್ಲದೆ ಹಳ್ಳಿಯಲ್ಲಿ ದುಡಿಯುವವರ ಖರ್ಚು ನಡೆಯುತ್ತದೆ. ಪೇಟೆಯ ಶಾಲೆಯ ಸಿಸ್ಟರ್ ಗಳಿಸದಿದ್ದರೆ ಕೊಳೆಗೇರಿಯ ಸಿಸ್ಟರಿಗೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಶಾಲೆ ಮತ್ತು ಹೋರಾಟ ಒಂದೇ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ತಮ್ಮದಲ್ಲದ ಹಣಕ್ಕೆ ತಾವೇಕೆ ಆದಾಯ ತೆರಿಗೆ ಕಟ್ಟಬೇಕೆಂಬ ವಾದ ದಶಕಗಳ ಕಾಲ ಮಾನ್ಯವಾಗಿತ್ತು. ಆದರೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ವೇತನ ಬರುವುದು ವ್ಯಕ್ತಿಗೆ, ಅದನ್ನು ಅವರು ಯಾರಿಗೆ ಕೊಟ್ಟರೂ ತೆರಿಗೆ ತಪ್ಪದು ಎಂಬ ನಿಲುವನ್ನು ಎತ್ತಿಹಿಡಿದು ಮೇಲ್ಮನವಿಗಳನ್ನು ವಜಾ ಮಾಡಿತು. ನನಗೆ ಆ ತೀರ್ಪು ಸರಿಯೆನಿಸಿದೆ. ಸಾರ್ವಜನಿಕ ಹಣದಿಂದ ಬರುವ ವೇತನಕ್ಕೆ ಸಾರ್ವಜನಿಕ ನಿಯಮವೇ ಇರಬೇಕು.

ವ್ರತ ಎಂದರೆ ದಿನನಿತ್ಯದಲ್ಲಿ ಏನೆಂಬುದನ್ನು ನಾನು ಹತ್ತಿರದಿಂದ ಒಮ್ಮೆ ಕಂಡಿದ್ದೇನೆ. ಹಳೆಯ ದಾಖಲೆಗಳನ್ನು ನೋಡಲು ಕರಾವಳಿಯ ಒಂದು ಕಾನ್ವೆಂಟಿನಲ್ಲಿ ನಾಲ್ಕು ದಿನ ಕುಳಿತಿದ್ದೆ. ಸಂಜೆ ಕಚೇರಿ ಕೋಣೆಗೆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಬಂದರು. ತಮಗಿಂತ ಹದಿನೈದು ವರ್ಷ ಚಿಕ್ಕವರಾಗಿದ್ದ ಸುಪೀರಿಯರ್ (ಕಾನ್ವೆಂಟಿನ ಮುಖ್ಯಸ್ಥೆ) ಹತ್ತಿರ ಚಪ್ಪಲಿಯ ಪಟ್ಟಿ ಹೊಲಿಸಲು ಮೂವತ್ತು ರೂಪಾಯಿ ಕೇಳಿ ಪಡೆದು, ಮರುದಿನ ಉಳಿದ ಹತ್ತು ರೂಪಾಯಿಯನ್ನು ಹಿಂದಿರುಗಿಸಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಸಹಿ ಹಾಕಿದರು. ಅಂದು ಆ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ವೇತನವಿದ್ದದ್ದು ಅವರಿಗೇ. ಕೇಳಿ ಪಡೆಯುವುದರಲ್ಲಿ ಅವರಿಗೆ ಕೊಂಚವೂ ಸಂಕೋಚವಿದ್ದಂತೆ ತೋರಲಿಲ್ಲ. ಸಂಕೋಚವಾದದ್ದು ನೋಡುತ್ತ ಕುಳಿತಿದ್ದ ನನಗೆ.

ಮತಾಂತರದ ಮಾತನ್ನು ನಾನು ತಳ್ಳಿಹಾಕಿ ಮುಂದೆ ಹೋಗುವುದಿಲ್ಲ. ಸಿಸ್ಟರುಗಳು ದುಡಿಯುವುದು ತಮ್ಮ ವಿಶ್ವಾಸದ ಪ್ರೇರಣೆಯಿಂದ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಮಿಷನರಿಗಳಿಗೆ ಹೊಸ ವಿಶ್ವಾಸಿಗಳನ್ನು ಪಡೆಯುವ ಆಸೆ ಇತ್ತು, ಕೆಲವು ಪ್ರದೇಶಗಳಲ್ಲಿ ಜನ ಆ ಧರ್ಮವನ್ನು ಸ್ವೀಕರಿಸಿದ್ದೂ ಉಂಟು. ಆದರೆ ಕಾನ್ವೆಂಟ್ ಶಾಲೆಯೇ ಮತಾಂತರದ ಯಂತ್ರವೆಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ ಎರಡಕ್ಕಿಂತ ಕಡಿಮೆ. ಅವರು ಹೆಚ್ಚಾಗಿರುವ ದಕ್ಷಿಣ ಕನ್ನಡದಲ್ಲಿಯೂ ಕ್ಯಾಥೊಲಿಕರಲ್ಲಿ ಬಹುಪಾಲು ಮಂದಿ ಈ ಶಾಲೆಗಳಿಗಿಂತ ಬಹಳ ಹಿಂದೆ ಗೋವೆಯಿಂದ ವಲಸೆ ಬಂದ ಮನೆತನಗಳವರು. ನೂರೈವತ್ತು ವರ್ಷಗಳಿಂದ ಲಕ್ಷಾಂತರ ಹಿಂದೂ, ಮುಸ್ಲಿಂ, ಜೈನ ಹುಡುಗಿಯರು ಸಿಸ್ಟರುಗಳ ಕೈಯಲ್ಲಿ ಓದಿ, ತಮ್ಮ ತಮ್ಮ ಧರ್ಮದಲ್ಲಿಯೇ ಇದ್ದಾರೆ. ನೀವೂ ಅವರಲ್ಲಿ ಒಬ್ಬರೆಂದು ನಿಮ್ಮ ಪತ್ರದ ಧಾಟಿಯಿಂದ ಊಹಿಸುತ್ತೇನೆ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಬಾಧ್ಯತೆ ಇಲ್ಲ. ಕಾನೂನು ಕೊಟ್ಟ ಈ ವಿನಾಯಿತಿಯ ಹಿಂದೆ ನಿಂತು, ಹೆಚ್ಚು ಶುಲ್ಕದ ಹೆಸರಾಂತ ಕಾನ್ವೆಂಟೊಂದು ಬಡ ಮಗುವಿಗೆ ಬಾಗಿಲು ಮುಚ್ಚಿದರೆ, ಆ ಶಾಲೆಯನ್ನು ಕಟ್ಟಿದ ಮದರುಗಳಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ ಎಂದು ದಾಖಲೆಗಳನ್ನು ಓದಿದ ಧೈರ್ಯದಿಂದ ಹೇಳುತ್ತೇನೆ. ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದ ಪುಟಗಳೂ ಇವೆ. ಐರ್ಲೆಂಡಿನಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಮ್ಯಾಗ್ಡಲೀನ್ ಬಟ್ಟೆ ತೊಳೆಯುವ ಮನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳನ್ನು ಕೂಡಿಹಾಕಿ ಸಂಬಳವಿಲ್ಲದೆ ದುಡಿಸಲಾಯಿತು; 2013ರಲ್ಲಿ ಅಲ್ಲಿನ ಪ್ರಧಾನಿ ಸರ್ಕಾರದ ಪರವಾಗಿ ಕ್ಷಮೆ ಕೇಳಬೇಕಾಯಿತು. ವ್ರತ ತೊಟ್ಟ ಮಾತ್ರಕ್ಕೆ ಯಾರೂ ಪ್ರಶ್ನಾತೀತರಾಗುವುದಿಲ್ಲ, ಮತ್ತು ನಾನು ಬಲ್ಲ ಒಳ್ಳೆಯ ಸಿಸ್ಟರುಗಳು ಪ್ರಶ್ನೆ ಕೇಳಿದರೆ ಬೇಸರಿಸುವುದೂ ಇಲ್ಲ.

ಆದ್ದರಿಂದ ನಿಮ್ಮ ಮಗಳ ವಿಷಯದಲ್ಲಿ ನೀವೂ ಕೇಳಿ. ಪಾಠ ಎಲ್ಲಿ, ಎಷ್ಟು ಹೊತ್ತು ನಡೆಯುತ್ತದೆ, ಜೊತೆಯಲ್ಲಿ ಎಷ್ಟು ಮಂದಿ ದೊಡ್ಡವರಿರುತ್ತಾರೆ, ಹೋಗಿ ಬರುವ ವ್ಯವಸ್ಥೆ ಏನು, ಅಲ್ಲಿನ ಮಕ್ಕಳ ತಾಯಂದಿರಿಗೆ ಇದು ತಿಳಿದಿದೆಯೇ ಎಂದು ವಿಚಾರಿಸಿ. ಮೊದಲ ಭಾನುವಾರ ನೀವೂ ಜೊತೆಗೆ ಹೋಗಿ. ಶಾಲೆಯ ಮಕ್ಕಳೇ ಬಡ ಮಕ್ಕಳಿಗೆ ಕಲಿಸುವ ಪದ್ಧತಿ ಹೊಸದೇನೂ ಅಲ್ಲ. ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಹತ್ತಿರದ ಲೊರೆಟೊ ಶಾಲೆಗೆ 1979ರಲ್ಲಿ ಮುಖ್ಯಸ್ಥರಾಗಿ ಬಂದ ಐರಿಷ್ ಸಿಸ್ಟರ್ ಸಿರಿಲ್ ಮೂನಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಶುಲ್ಕ ಕೊಡಲಾಗದ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗಿ ಅರ್ಧದಷ್ಟಕ್ಕೆ ತಂದರು. ಬೀದಿಯ ಮಕ್ಕಳು ಯಾವ ಹೊತ್ತಿಗೆ ಬಂದರೂ, ಶಾಲೆಯ ವಿದ್ಯಾರ್ಥಿನಿಯೊಬ್ಬಳು ತನ್ನ ವೇಳಾಪಟ್ಟಿಯ ಭಾಗವಾಗಿಯೇ ಅವರ ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದಳು. ಇಂಥ ಮಕ್ಕಳನ್ನು ಅಲ್ಲಿ ರೇನ್‌ಬೋ ಮಕ್ಕಳೆಂದು ಕರೆಯುತ್ತಿದ್ದರು.

ನಿಮ್ಮ ಮಗಳಿಗೆ ಅಂಥದೇ ಒಂದು ಅವಕಾಶ ಬಂದಿದೆ. ಒಂಬತ್ತನೇ ತರಗತಿಯ ಹುಡುಗಿಗೆ ವಾರಕ್ಕೆ ಎರಡು ಗಂಟೆ ಹೆಚ್ಚಿನ ಹೊರೆಯೇನಲ್ಲ, ಪರೀಕ್ಷೆಯ ದಿನಗಳಲ್ಲಿ ಬಿಡುವು ಕೇಳಿದರೆ ಸಿಸ್ಟರ್ ಇಲ್ಲವೆನ್ನಲಾರರು. ಹೋಗುವಾಗ ಅವಳ ಹಳೆಯ ಮೂರನೇ, ನಾಲ್ಕನೇ ತರಗತಿಯ ಪುಸ್ತಕಗಳು ಮನೆಯಲ್ಲಿದ್ದರೆ ಕಟ್ಟಿ ಕೊಟ್ಟು ಕಳಿಸಿ.